ಬೆಂಗಳೂರು–ಮಂಗಳೂರು: ವಿಮಾನದಲ್ಲಿ ಒಂದು ಗಂಟೆ, ರಸ್ತೆಯಲ್ಲಿ ಏಳು ಗಂಟೆ ಎನ್ನುವ ಲೆಕ್ಕ ಎಷ್ಟು ಸರಿ?

ಪುತ್ತೂರು-ಕೆಂಗೇರಿ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಕೆಂಗೇರಿಯಲ್ಲಿದ್ದೇನೆ, ಅಮ್ಮ ಪುತ್ತೂರಿನಲ್ಲಿದ್ದಾರೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ಮಂಡಿನೋವು ಇದೆ. ಜುಲೈ ಎರಡನೆಯ ವಾರದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಅವರನ್ನು ಇಲ್ಲಿಗೆ ಕರೆತರಬೇಕಾಗಿದೆ. ಯಾರನ್ನು ಕೇಳಿದರೂ "ವಿಮಾನದಲ್ಲಿ ಒಂದು ಗಂಟೆ, ರಸ್ತೆಯಲ್ಲಿ ಏಳು ಗಂಟೆ, ಇದರಲ್ಲಿ ಯೋಚಿಸುವುದಕ್ಕೇನಿದೆ?" ಎನ್ನುತ್ತಾರೆ. ಆದರೆ ಕಳೆದ ತಿಂಗಳು ನಾನೊಬ್ಬನೇ ಊರಿಗೆ ಹೋದಾಗ ಗಡಿಯಾರ ನೋಡುತ್ತಾ ಬರೆದಿಟ್ಟುಕೊಂಡದ್ದು ಬೇರೆಯೇ ಕಥೆ ಹೇಳುತ್ತಿದೆ.

ಮನೆಯಿಂದ ಹೊರಟದ್ದು ಬೆಳಗಿನ 5.10ಕ್ಕೆ. ದೇವನಹಳ್ಳಿಯ ನಿಲ್ದಾಣದ ಬಾಗಿಲು ಮುಟ್ಟಿದಾಗ 6.45. ಟಿಕೆಟ್‌ನಲ್ಲಿ ಹೊರಡುವ ಸಮಯ 8.30 ಎಂದಿತ್ತು, ವಿಮಾನ ನೆಲ ಬಿಟ್ಟದ್ದು 8.58ಕ್ಕೆ. ಬಜಪೆಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು 9.41ಕ್ಕೆ. ಬ್ಯಾಗ್ ಕೈಗೆ ಬಂದು ಕಾರು ಹತ್ತುವಾಗ 10.15 ಆಗಿತ್ತು. ಪುತ್ತೂರಿನ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಟ್ಟದ್ದು ಸರಿಯಾಗಿ ಹನ್ನೆರಡು ಗಂಟೆಗೆ. ಒಟ್ಟು ಆರು ಗಂಟೆ ಐವತ್ತು ನಿಮಿಷವಾಯಿತು, ಅದರಲ್ಲಿ ಆಕಾಶದಲ್ಲಿದ್ದದ್ದು ನಲವತ್ತಮೂರೇ ನಿಮಿಷ. ಫೆಬ್ರವರಿಯಲ್ಲಿ ಸ್ವಂತ ಕಾರಿನಲ್ಲಿ ಶಿರಾಡಿ ಘಾಟಿಯ ಮೂಲಕ ಹೋದಾಗ, ಅರ್ಧ ಗಂಟೆ ತಿಂಡಿಗೆ ನಿಂತದ್ದೂ ಸೇರಿ, ಏಳು ಗಂಟೆ ಇಪ್ಪತ್ತು ನಿಮಿಷ ಹಿಡಿದಿತ್ತು.

ಅಂದರೆ ನನಗೆ ಉಳಿದದ್ದು ಅರ್ಧ ಗಂಟೆ ಮಾತ್ರ. ನಾನೇನಾದರೂ ತಪ್ಪಾಗಿ ಯೋಜನೆ ಹಾಕಿಕೊಂಡೆನೇ? ಅಮ್ಮನಿಗೆ ಯಾವ ದಾರಿ ಒಳ್ಳೆಯದು?

ಯಲಹಂಕದಿಂದ:
ನೀವು ಕೆಂಗೇರಿಯಲ್ಲಿರುವುದೇ ಇದಕ್ಕೆ ಕಾರಣ. ನಾನು ಯಲಹಂಕದಿಂದ ಹೊರಟು ಮಂಗಳೂರಿನ ಊರ್ವದಲ್ಲಿರುವ ಅಕ್ಕನ ಮನೆಗೆ ಹಲವು ಬಾರಿ ವಿಮಾನದಲ್ಲಿ ಹೋಗಿದ್ದೇನೆ. ಮನೆಯಿಂದ ಮನೆಗೆ ನಾಲ್ಕು ಗಂಟೆಯ ಒಳಗೇ ಮುಗಿಯುತ್ತದೆ. ಊರುಗಳು ಅವೇ, ವಿಮಾನವೂ ಅದೇ, ಆದರೂ ನಿಮಗಿಂತ ಮೂರು ಗಂಟೆ ಕಡಿಮೆ.

ಲೆಕ್ಕದ ಮೇಷ್ಟ್ರು:
ಮೊದಲು ದೂರದ ಲೆಕ್ಕವನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಗೊಂದಲ ಹುಟ್ಟುವುದೇ ಅಲ್ಲಿ. ಎರಡು ಊರುಗಳೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ನೆಲದ ಮೇಲೆ ಸುಮಾರು 108 ಕಿಲೋಮೀಟರ್. ಬೆಂಗಳೂರು ನಗರ 77.59 ಡಿಗ್ರಿಯಲ್ಲಿದೆ, ಮಂಗಳೂರು 74.85ರ ಆಸುಪಾಸಿನಲ್ಲಿದೆ. ಹೀಗಾಗಿ ನಗರದಿಂದ ನಗರಕ್ಕೆ ನೇರ ಗೆರೆ ಎಳೆದರೆ 300 ಕಿ.ಮೀ.ಗೆ ತುಸು ಕಡಿಮೆ ಬರುತ್ತದೆ. ಆದರೆ ವಿಮಾನ ಮೆಜೆಸ್ಟಿಕ್‌ನಿಂದ ಹೊರಡುವುದಿಲ್ಲ. ದೇವನಹಳ್ಳಿಯ ನಿಲ್ದಾಣ ನಗರದ ಈಶಾನ್ಯಕ್ಕಿದೆ, ಅಂದರೆ ಮಂಗಳೂರಿನಿಂದ ಇನ್ನೂ ಆಚೆಗಿದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ ಹಾಕಿದರೆ ಸುಮಾರು 306 ಕಿ.ಮೀ., ವಿಮಾನದವರ ಅಳತೆಯಲ್ಲಿ 165 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್.

ಇನ್ನು ನಿಮ್ಮ ಪ್ರಯಾಣಕ್ಕೆ ಬರೋಣ. ಪಶ್ಚಿಮಕ್ಕೆ ಹೋಗಬೇಕಾದ ನೀವು ಕೆಂಗೇರಿಯಿಂದ ಮೊದಲು ಐವತ್ತು ಕಿ.ಮೀ.ಗೂ ಹೆಚ್ಚು ದೂರ ಈಶಾನ್ಯಕ್ಕೆ ಹೋದಿರಿ. ಅಲ್ಲಿಂದ ವಿಮಾನ ನಿಮ್ಮನ್ನು ಪುತ್ತೂರು ದಾಟಿಸಿ ಕರಾವಳಿಯ ಅಂಚಿಗೆ ಒಯ್ದು ಇಳಿಸಿತು. ಬಜಪೆಯಿಂದ ಮತ್ತೆ ಐವತ್ತಕ್ಕೂ ಹೆಚ್ಚು ಕಿ.ಮೀ. ಪೂರ್ವಕ್ಕೆ, ಬಂದ ದಿಕ್ಕಿಗೇ, ಹಿಂತಿರುಗಿದಿರಿ. ವಿಮಾನದಲ್ಲಿ ಹೋದೆನೆಂದು ನೀವು ಹೇಳುವ ಪ್ರಯಾಣದಲ್ಲೂ ನೂರು ಕಿ.ಮೀ.ಗಿಂತ ಹೆಚ್ಚು ರಸ್ತೆಯೇ ಇತ್ತು. ಕೆಂಗೇರಿಯಿಂದ ಪುತ್ತೂರಿಗೆ ಪೂರ್ತಿ ರಸ್ತೆಯಲ್ಲಿ ಹೋದರೂ ಸುಮಾರು 310 ಕಿ.ಮೀ. ಅಷ್ಟೇ. ಇಡೀ ರಸ್ತೆಯ ಮೂರನೆಯ ಒಂದು ಭಾಗವನ್ನು ನೀವು ಹೇಗೂ ಕಾರಿನಲ್ಲೇ ಕ್ರಮಿಸಿದ್ದೀರಿ, ಅದೂ ಅತಿ ಹೆಚ್ಚು ವಾಹನ ದಟ್ಟಣೆ ಇರುವ ಭಾಗವನ್ನು.

ಪುತ್ತೂರು-ಕೆಂಗೇರಿ:
ಮೇಷ್ಟ್ರೇ, ಮನೆ ದಾಟಿ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂದೆನೆಂಬುದು ನೀವು ಹೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಹಳೇ ನಕ್ಷೆ:
2008ರ ಮೇ ತಿಂಗಳವರೆಗೆ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಆಗ ನಾನು ವಿಜಯನಗರದಲ್ಲಿದ್ದೆ, ಮನೆಯಿಂದ ನಿಲ್ದಾಣಕ್ಕೆ ಒಂದು ಗಂಟೆಯೊಳಗೆ ಆಟೋದಲ್ಲೇ ಹೋಗಿಬಿಡುತ್ತಿದ್ದೆ. ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ದೂರದ ವಿದೇಶಕ್ಕೆ ಹೋಗುವವರಿಗೆ ದೊಡ್ಡ ತೊಂದರೆಯೇನೂ ಆಗಲಿಲ್ಲ. ಆದರೆ ಮಂಗಳೂರು, ಹುಬ್ಬಳ್ಳಿಯಂಥ ಹತ್ತಿರದ ಊರುಗಳಿಗೆ ವಿಮಾನದಿಂದ ಸಿಗುತ್ತಿದ್ದ ಲಾಭದ ದೊಡ್ಡ ಪಾಲು ಅಂದೇ ಕರಗಿತು. ಎರಡು ಗಂಟೆಯ ಹೆಚ್ಚಳ ಹತ್ತು ಗಂಟೆಯ ಪ್ರಯಾಣದಲ್ಲಿ ಕಾಣಿಸುವುದಿಲ್ಲ, ಒಂದು ಗಂಟೆಯದರಲ್ಲಿ ಎದ್ದು ಕಾಣುತ್ತದೆ.

ಮಂಗಳೂರಿನ ನಿಲ್ದಾಣ ಮಾತ್ರ 1951ರಲ್ಲಿ ಶುರುವಾದಂದಿನಿಂದ ಬಜಪೆಯ ಗುಡ್ಡದ ಮೇಲೆಯೇ ಇದೆ.

ಘಾಟಿ ಚಾಲಕ:
ಇಪ್ಪತ್ತೆರಡು ವರ್ಷಗಳಿಂದ ಈ ರಸ್ತೆಯಲ್ಲಿ ಗಾಡಿ ಓಡಿಸುತ್ತಿರುವವನು ನಾನು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ 350 ಕಿ.ಮೀ. ಎನ್ನುವುದು ಸರಿ. ಆದರೆ ಆ 350ನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ನೆಲಮಂಗಲ ದಾಟಿದ ಮೇಲೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನದವರೆಗೆ ಚತುಷ್ಪಥ ರಸ್ತೆ. ಅಲ್ಲಿ ಗಾಡಿ ನೀರಿನಂತೆ ಹರಿಯುತ್ತದೆ. ಆ ಮೊದಲ ಅರ್ಧಕ್ಕೆ ಮೂರು ಗಂಟೆ ಸಾಕು. ಉಳಿದ ಅರ್ಧಕ್ಕೆ ನಾಲ್ಕು ಗಂಟೆ, ಕೆಲವೊಮ್ಮೆ ಐದು ಗಂಟೆ ಬೇಕಾಗುತ್ತದೆ.

ಎಲ್ಲವೂ ನಿರ್ಧಾರವಾಗುವುದು ಸಕಲೇಶಪುರದಿಂದ ಆಚೆಗೆ. ಮಾರನಹಳ್ಳಿಯಿಂದ ಅಡ್ಡಹೊಳೆಯವರೆಗಿನ ಸುಮಾರು 26 ಕಿ.ಮೀ. ಘಾಟಿಯಲ್ಲಿ ಮುಂದೆ ಒಂದು ಲೋಡಿನ ಟ್ಯಾಂಕರ್ ಸಿಕ್ಕಿದರೆ ಮುಗಿಯಿತು. ಅದು ಮೊದಲನೆಯ ಗೇರಿನಲ್ಲಿ ನರಳುತ್ತಾ ಹೋಗುತ್ತದೆ, ಅದರ ಹಿಂದೆ ಇಪ್ಪತ್ತು ಗಾಡಿಗಳು ಸಾಲುಗಟ್ಟುತ್ತವೆ. ತಿರುವಿನಲ್ಲಿ ಹಿಂದಿಕ್ಕಲು ಹೋಗುವವರಿಗೆ ನಾನು ಕೈಮುಗಿದು ಹೇಳುತ್ತೇನೆ, ಬೇಡ. ಹತ್ತು ನಿಮಿಷ ತಡವಾದರೆ ಊಟ ಆರುತ್ತದೆ, ಅಷ್ಟೇ.

ಲೆಕ್ಕದ ಮೇಷ್ಟ್ರು:
ಚಾಲಕರ ಅನುಭವವನ್ನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿ ಇದೆ. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಾಯಿಸಿದರು. ಈಗ ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಇಂದಿನ 48 ದೆಹಲಿಯಿಂದ ಮುಂಬಯಿ, ಬೆಂಗಳೂರುಗಳ ಮೂಲಕ ಚೆನ್ನೈಗೆ ಹೋಗುವ ಹೆದ್ದಾರಿ.

ಘಾಟಿ ಚಾಲಕ:
ಸರಿ ಮೇಷ್ಟ್ರೇ. ಆದರೆ ಬೆಂಗಳೂರಿನಿಂದ ನೆಲಮಂಗಲದವರೆಗೆ ನಾವು ಹೋಗುವುದು ಆ 48ರಲ್ಲೇ ಅಲ್ಲವೇ? ಹಳೆಯ ಸಂಖ್ಯೆಯೇ ಬಾಯಿಗೆ ಬರುವುದಕ್ಕೆ ಅದೂ ಒಂದು ಕಾರಣ.

ಸಂಪಾಜೆ ದಾರಿ:
ಕೆಂಗೇರಿಯವರು ನೆಲಮಂಗಲಕ್ಕೆ ಏಕೆ ಹೋಗಬೇಕು? ಮನೆಯ ಹತ್ತಿರದಲ್ಲೇ ಮೈಸೂರು ದಶಪಥ ಹೆದ್ದಾರಿ ಶುರುವಾಗುತ್ತದೆ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾದ ಮೇಲೆ ನಾನು ಮೈಸೂರು, ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ಮೂಲಕವೇ ಪುತ್ತೂರಿಗೆ ಹೋಗುತ್ತಿದ್ದೇನೆ. ಮಂಗಳೂರಿಗೆ ಹೋಗುವವರಿಗೆ ಈ ದಾರಿ ಸುಮಾರು 400 ಕಿ.ಮೀ. ಆಗುತ್ತದೆ, ಆದ್ದರಿಂದ ಅದು ಸುತ್ತು ಎಂಬ ಮಾತು ಬಂದಿದೆ. ಪುತ್ತೂರಿಗೆ ಹಾಗಲ್ಲ. ಸುಳ್ಯದ ಮೇಲೆ ನೇರವಾಗಿ ಮನೆಗೇ ಬರುವುದರಿಂದ ಹೆಚ್ಚಾಗುವುದು ಮೂವತ್ತು ಕಿ.ಮೀ. ಆಸುಪಾಸು. ಭಾರೀ ಲಾರಿಗಳ ಕಾಟವೂ ಶಿರಾಡಿಯಷ್ಟಿಲ್ಲ.

ಸಕಲೇಶಪುರದ ಮಳೆ:
ಸಂಪಾಜೆ ದಾರಿಯವರಿಗೆ: 2018ರ ಆಗಸ್ಟ್ ಮರೆತಿರಾ? ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಕೆಳಗಿಳಿಯುವ ರಸ್ತೆಯೇ ಕೊಚ್ಚಿಹೋಗಿತ್ತು. ಅದೇ ವರ್ಷ ಜನವರಿಯಿಂದ ಜುಲೈವರೆಗೆ ಕಾಂಕ್ರೀಟ್ ಕಾಮಗಾರಿಗಾಗಿ ಶಿರಾಡಿಯನ್ನು ಮುಚ್ಚಿದ್ದರು, ತೆರೆದ ಒಂದೇ ತಿಂಗಳಲ್ಲಿ ಅಲ್ಲಿಯೂ ಮಣ್ಣು ಕುಸಿಯಿತು. ಮರುವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈಯಲ್ಲಿ ಮತ್ತೆ ನಮ್ಮ ಸಕಲೇಶಪುರದ ಬಳಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತು.

ಪ್ರಶ್ನೆ ಕೇಳಿದವರು ಹೋಗಬೇಕಾದದ್ದು ಜುಲೈ ಎರಡನೆಯ ವಾರದಲ್ಲಿ. ಫೆಬ್ರವರಿಯ ಏಳು ಗಂಟೆ ಇಪ್ಪತ್ತು ನಿಮಿಷವನ್ನು ಜುಲೈಗೆ ಅನ್ವಯಿಸುವುದು ತಪ್ಪು. ಆಷಾಢದ ಮಳೆಯಲ್ಲಿ ಘಾಟಿಯ ತಿರುವುಗಳಲ್ಲಿ ಮೇಲಿನ ಗುಡ್ಡದಿಂದ ಕೆಂಪು ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿರುತ್ತದೆ, ಹಗಲಿನಲ್ಲೇ ದೀಪ ಹಾಕಿಕೊಂಡು ಹೋಗಬೇಕಾಗುತ್ತದೆ. ನಕ್ಷೆ ತೋರಿಸುವ ಸಮಯ ಆ ಕ್ಷಣದ ದಟ್ಟಣೆಯನ್ನು ನೋಡಿ ಹೇಳುವಂಥದ್ದು. ನೀವು ಹಾಸನ ತಲುಪುವಷ್ಟರಲ್ಲಿ ದೋಣಿಗಲ್‌ನಲ್ಲಿ ಮರ ಬಿದ್ದರೆ ಅದಕ್ಕೆ ಮೊದಲೇ ಗೊತ್ತಾಗುವುದು ಹೇಗೆ?

ರಾತ್ರಿ ಬಸ್ಸು:
ಯಾರೂ ಬಸ್ಸಿನ ಮಾತೇ ಎತ್ತಲಿಲ್ಲವಲ್ಲ. ರಾತ್ರಿ ಹತ್ತಕ್ಕೆ ಕೆಎಸ್‌ಆರ್‌ಟಿಸಿ ಹತ್ತಿ ಮಲಗಿದರೆ ಬೆಳಗ್ಗೆ ಆರರ ಹೊತ್ತಿಗೆ ಊರು. ಎಂಟು ಗಂಟೆ ಎಂದರೂ ಅದು ನಿದ್ದೆಯ ಹೊತ್ತು, ಹಗಲು ಪೂರ್ತಿ ಕೈಯಲ್ಲೇ ಉಳಿಯುತ್ತದೆ. ಕಳೆದ ಸಮಯವನ್ನು ಮಾತ್ರ ಲೆಕ್ಕ ಹಾಕದೆ, ಎಚ್ಚರವಾಗಿದ್ದು ಕಳೆದುಕೊಂಡ ಸಮಯವನ್ನು ಲೆಕ್ಕ ಹಾಕಿದರೆ ಬಸ್ಸಿಗಿಂತ ವೇಗದ ವಾಹನ ಇಲ್ಲ.

ನೆಲ್ಯಾಡಿ ಅಕ್ಕ:
ನಿದ್ದೆ ಬರುವವರಿಗೆ ಆ ಮಾತು ಒಪ್ಪುತ್ತದೆ. ನನ್ನ ಅತ್ತೆಯವರಿಗೆ ಘಾಟಿಯ ತಿರುವುಗಳಲ್ಲಿ ವಾಂತಿ ಬರುತ್ತದೆ. ಸಕಲೇಶಪುರ ಬಂತೆಂದರೆ ಸಾಕು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ನಿಂಬೆಹಣ್ಣನ್ನು ಬಿಚ್ಚಿ, ಉಗುರಿನಿಂದ ಸಿಪ್ಪೆ ಗೀರಿ, ಮೂಗಿಗೆ ಹಿಡಿದು, ಗುಂಡ್ಯ ಬರುವವರೆಗೂ ಕಣ್ಣು ಮುಚ್ಚಿಕೊಂಡೇ ಕೂತಿರುತ್ತಾರೆ. ಮಂಡಿನೋವಿನವರಿಗೆ ಎತ್ತರದ ಬಸ್ಸಿನ ಮೆಟ್ಟಿಲು ಹತ್ತುವುದೂ, ನಡುರಾತ್ರಿ ಶೌಚಕ್ಕೆ ಇಳಿಯುವುದೂ ಎಷ್ಟು ಕಷ್ಟ ಎಂಬುದನ್ನು ನೋಡಿದವರೇ ಬಲ್ಲರು. ಎಪ್ಪತ್ತನಾಲ್ಕು ವರ್ಷದ ತಾಯಿಗೆ ರಾತ್ರಿ ಬಸ್ಸನ್ನು ಸೂಚಿಸಬೇಡಿ.

ರಾತ್ರಿ ಬಸ್ಸು:
ಅಕ್ಕ, ನೀವು ಹೇಳಿದ್ದು ನಿಜ. ನನ್ನ ವಯಸ್ಸಿಗೆ ಹೊಂದುವುದನ್ನು ಬರೆದುಬಿಟ್ಟೆ.

ಬಜಪೆ ಗುಡ್ಡ:
ವಿಮಾನದ ಸಮಯದ ಬಗ್ಗೆ ಒಂದು ವಿವರಣೆ ಕೊಡುತ್ತೇನೆ, ನೆಲದ ಮೇಲಿನ ಕೆಲಸದಲ್ಲಿ ಕೆಲವು ವರ್ಷ ಇದ್ದವನು. ಟಿಕೆಟ್‌ನಲ್ಲಿ ನಮೂದಿಸುವ ಒಂದು ಗಂಟೆ ಐದು ನಿಮಿಷ ಹಾರಾಟದ ಅವಧಿಯಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಲ್ಲುವ ಜಾಗಕ್ಕೆ ಬಂದು ನಿಂತ ಕ್ಷಣದವರೆಗಿನ ಅವಧಿ ಅದು. ಇದಕ್ಕೆ ಬ್ಲಾಕ್ ಸಮಯ ಎನ್ನುತ್ತಾರೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇ ತಲುಪುವುದಕ್ಕೇ ಕಾಲು ಗಂಟೆ ಬೇಕಾಗಬಹುದು. ಅಲ್ಲಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ವಿಮಾನ ಗಾಳಿಗೆ ಎದುರಾಗಿ ಮೇಲೇರುತ್ತದೆ. ಮುಂಗಾರಿನ ಪಶ್ಚಿಮದ ಗಾಳಿ ಇದ್ದಾಗ ಹಾರಿದ ಕೂಡಲೇ ಮಂಗಳೂರಿನ ದಿಕ್ಕಿಗೇ ಮುಖ ಇರುತ್ತದೆ. ಗಾಳಿ ಪೂರ್ವದಿಂದ ಬೀಸುವ ದಿನಗಳಲ್ಲಿ ಮೊದಲು ಪೂರ್ವಕ್ಕೆ ಹಾರಿ, ಸುತ್ತಿ ತಿರುಗಿ ಬರಬೇಕು. ಚಿಕ್ಕ ಎಟಿಆರ್ ವಿಮಾನವಾದರೆ ಇನ್ನೂ ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳಿ.

ಮಳೆಗಾಲದಲ್ಲಿ ವಿಮಾನವೂ ಪೂರ್ತಿ ನಂಬುವಂಥದ್ದಲ್ಲ. ನಮ್ಮದು ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಪೈಲಟ್ ಆಕಾಶದಲ್ಲಿ ಸುತ್ತು ಹಾಕಿ ಕಾಯುತ್ತಾರೆ, ಆಗಲೂ ಆಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಿ ಇಳಿಸುತ್ತಾರೆ. ಅದು ಸರಿಯಾದ ನಿರ್ಧಾರವೇ. ಆದರೆ ನಿಮ್ಮ ಅಮ್ಮ ಹಾರಬೇಕಾದದ್ದು ಮಂಗಳೂರಿನಿಂದ ಬೆಂಗಳೂರಿಗೆ. ಇಲ್ಲಿಂದ ಹೊರಡುವ ವಿಮಾನ ಸಾಮಾನ್ಯವಾಗಿ ಬೇರೆಡೆಯಿಂದ ಬಂದು ಇಳಿದದ್ದೇ ಆಗಿರುತ್ತದೆ. ಅದು ಇಳಿದಿದೆಯೇ ಎಂದು ಫೋನಿನಲ್ಲಿ ನೋಡಿಕೊಂಡು ಮನೆಯಿಂದ ಹೊರಡಬಹುದು.

ಪುತ್ತೂರು-ಕೆಂಗೇರಿ:
ಆದರೆ ಚೆಕ್-ಇನ್ ಒಂದು ಗಂಟೆ ಮೊದಲೇ ಮುಚ್ಚುತ್ತದಲ್ಲ? ಪುತ್ತೂರಿನಿಂದ ಬಜಪೆಗೆ ಪೌಣೆ ಎರಡು ಗಂಟೆ ಬೇಕು. ವಿಮಾನ ಇಳಿದದ್ದನ್ನು ನೋಡಿ ಹೊರಟರೆ ಅದು ಹಾರಿಹೋದ ಮೇಲೆ ನಾವು ತಲುಪುತ್ತೇವೆ.

ಬಜಪೆ ಗುಡ್ಡ:
ನಿಜ, ಪುತ್ತೂರಿನ ದೂರವನ್ನು ನಾನು ಮರೆತೆ. ಆ ಸಲಹೆ ಮಂಗಳೂರು ನಗರದೊಳಗಿರುವವರಿಗೆ ಮಾತ್ರ ಹೊಂದುತ್ತದೆ. ಹಾಗಾದರೆ ಹಿಂದಿನ ದಿನವೇ ಕಾವೂರು, ಬೊಂದೇಲ್ ಕಡೆ ನೆಂಟರ ಮನೆಯಿದ್ದರೆ ಅಲ್ಲಿಗೆ ಬಂದು ಉಳಿಯಲಿ. ಅಲ್ಲಿಂದ ನಿಲ್ದಾಣಕ್ಕೆ ಅರ್ಧ ಗಂಟೆಯೂ ಬೇಡ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿ. ಬಾಗಿಲಿನಿಂದ ವಿಮಾನದವರೆಗೆ ಸಿಬ್ಬಂದಿಯೇ ಕರೆದೊಯ್ಯುತ್ತಾರೆ, ಭದ್ರತಾ ತಪಾಸಣೆಯಲ್ಲೂ ಹೆಚ್ಚು ಹೊತ್ತು ನಿಲ್ಲಬೇಕಾಗುವುದಿಲ್ಲ. ಇಳಿಯುವಾಗ ಮಾತ್ರ ಎಲ್ಲರೂ ಇಳಿದ ಮೇಲೆ ಅವರ ಸರದಿ, ಆದ್ದರಿಂದ ಅಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಹಳೇ ನಕ್ಷೆ:
ರೈಲಿನ ಬಗ್ಗೆಯೂ ಒಂದು ಮಾತು. ಹಾಸನ–ಮಂಗಳೂರು ಹಳಿಯನ್ನು ಬ್ರಾಡ್‌ಗೇಜ್‌ಗೆ ಬದಲಾಯಿಸಲು 1996ರಲ್ಲಿ ನಿಲ್ಲಿಸಿದವರು ಪ್ರಯಾಣಿಕರ ರೈಲನ್ನು ಮತ್ತೆ ಬಿಟ್ಟದ್ದು 2007ರ ಡಿಸೆಂಬರ್‌ನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ, ಇಳಿಜಾರು ಐವತ್ತು ಮೀಟರಿಗೆ ಒಂದು ಮೀಟರ್. ಅಲ್ಲಿ ರೈಲು ನಿಧಾನವಾಗಿಯೇ ಇಳಿಯಬೇಕು. ಸಮಯ ಉಳಿಯುವುದಿಲ್ಲ, ಆದರೆ ಹಗಲಿನ ರೈಲಿನಲ್ಲಿ ಕಾಲು ಚಾಚಿ ಕೂರಬಹುದು, ಎದ್ದು ನಡೆದಾಡಬಹುದು.

ಸಕಲೇಶಪುರದ ಮಳೆ:
ಜುಲೈಯಲ್ಲಿ ಆ ಹಳಿಯ ಮೇಲೂ ಮಣ್ಣು ಕುಸಿಯುವುದುಂಟು. ಬೆಟ್ಟ ಒಂದೇ, ಅದನ್ನು ಯಾರು ಹೇಗೆ ದಾಟಿದರೂ ಮಳೆ ಒಂದೇ.

ಯಲಹಂಕದಿಂದ:
ಬೆಂಗಳೂರಿನಲ್ಲಿ ಇಳಿಯುವ ಹೊತ್ತನ್ನೂ ಯೋಚಿಸಿ. ಸಂಜೆ ಆರಕ್ಕೆ ಇಳಿದರೆ ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ನಿಂತಲ್ಲೇ ನಿಲ್ಲಬೇಕಾಗುತ್ತದೆ, ಕೆಂಗೇರಿ ತಲುಪುವಷ್ಟರಲ್ಲಿ ಎರಡೂವರೆ ಗಂಟೆ. ಅಂದರೆ ಹಾರಿ ಬಂದದ್ದಕ್ಕಿಂತ ಮೂರು ಪಟ್ಟು. ಮಧ್ಯಾಹ್ನ ಒಂದರ ಸುಮಾರಿಗೆ ಇಳಿಯುವ ವಿಮಾನವನ್ನೇ ಹುಡುಕಿ, ದರ ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ.

ಸಂಪಾಜೆ ದಾರಿ:
ನಾನು ಇನ್ನೂ ರಸ್ತೆಯ ಪರವೇ. ವಿಮಾನದಲ್ಲಿ ಬ್ಯಾಗಿಗೆ 15 ಕಿಲೋ ಎಂಬ ಮಿತಿ ಇದೆ. ಊರಿನಿಂದ ಬರುವ ತಾಯಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಬಿಟ್ಟು ಬರುತ್ತಾರೆಯೇ? ಮೇಲಾಗಿ ನಿಲ್ದಾಣದಲ್ಲಿ ಕಾಯುವುದು, ಹತ್ತುವುದು, ಇಳಿಯುವುದು, ಮತ್ತೊಂದು ಕಾರು ಹತ್ತುವುದು, ಇವೆಲ್ಲ ತುಂಡು ತುಂಡಾದ ಪ್ರಯಾಣ. ಸ್ವಂತ ಕಾರಿನಲ್ಲಿ ಒಮ್ಮೆ ಕೂತರೆ ಮನೆಯ ಬಾಗಿಲಲ್ಲೇ ಇಳಿಯುತ್ತಾರೆ, ಬೇಕೆಂದಲ್ಲಿ ನಿಲ್ಲಿಸಬಹುದು.

ನೆಲ್ಯಾಡಿ ಅಕ್ಕ:
ನಿಮ್ಮ ಮಾತು ನವೆಂಬರ್‌ನಿಂದ ಮೇವರೆಗೆ ಸರಿ. ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಮಾಡಿ, ಘಾಟಿಯಲ್ಲಿ ಐದು ಗಂಟೆ ಸಿಕ್ಕಿಹಾಕಿಕೊಂಡರೆ ಏನು ಮಾಡುವುದು? ಅಕ್ಕಿಯನ್ನು ಬೇರೆ ಯಾರ ಕೈಯಲ್ಲಾದರೂ ಕಳುಹಿಸಬಹುದು. ಮಾವ ಇದ್ದಾಗ ಒಂದು ಜುಲೈಯಲ್ಲಿ ಗುಂಡ್ಯದ ಬಳಿ ಹೀಗೆಯೇ ಕಾರಿನೊಳಗೆ ರಾತ್ರಿ ಕಳೆದಿದ್ದೇವೆ. ಮುಂದಿನ ಸೀಟಿನಲ್ಲಿ ಅವರು ಮುದುಡಿ ಕೂತಿದ್ದ ರೀತಿ ನನ್ನ ಕಣ್ಣಿನಿಂದ ಹೋಗಿಲ್ಲ.

ಘಾಟಿ ಚಾಲಕ:
ಅಕ್ಕ ಹೇಳಿದ ಮೇಲೆ ನಾನು ಸೇರಿಸುವುದು ಏನೂ ಇಲ್ಲ. ನನ್ನ ಬಾಡಿಗೆ ಹೋದರೂ ಪರವಾಗಿಲ್ಲ, ಜುಲೈಯಲ್ಲಿ ಅವರು ಹಾರಿಯೇ ಬರಲಿ.

ಪುತ್ತೂರು-ಕೆಂಗೇರಿ:
ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಕಾವೂರಿನಲ್ಲಿ ದೊಡ್ಡಮ್ಮನ ಮಗಳ ಮನೆ ಇದೆ, ಅಮ್ಮ ಹಿಂದಿನ ದಿನವೇ ಅಲ್ಲಿಗೆ ಬಂದು ಉಳಿಯುತ್ತಾರೆ. ಹನ್ನೆರಡು ಗಂಟೆಯ ವಿಮಾನಕ್ಕೆ ಟಿಕೆಟ್ ಮಾಡಿ, ಗಾಲಿಕುರ್ಚಿಯನ್ನೂ ನಮೂದಿಸಿದ್ದೇನೆ. ಅವರನ್ನು ಕರೆತರಲು ನಾನೇ ಹೋಗುತ್ತೇನೆ. ಬಂದ ಮೇಲೆ ಸಮಯವನ್ನು ಬರೆಯುತ್ತೇನೆ.

ಪುತ್ತೂರು-ಕೆಂಗೇರಿ (ಮೂರು ವಾರಗಳ ನಂತರ):
ಮಾತು ಕೊಟ್ಟಂತೆ ಲೆಕ್ಕ ಒಪ್ಪಿಸುತ್ತಿದ್ದೇನೆ. ಕಾವೂರಿನಿಂದ ಹೊರಟದ್ದು 9.50ಕ್ಕೆ, ನಿಲ್ದಾಣ ತಲುಪಿದ್ದು 10.15ಕ್ಕೆ. ವಿಮಾನ ಮೇಲೇರಿದ್ದು 12.14ಕ್ಕೆ, ಇಳಿದದ್ದು 12.55ಕ್ಕೆ. ಗಾಲಿಕುರ್ಚಿಯಲ್ಲಿ ಹೊರಬರುವಾಗ 1.25. ಹೆಬ್ಬಾಳದಲ್ಲಿ ನಿಲ್ಲಬೇಕಾಗಲಿಲ್ಲ, 3.10ಕ್ಕೆ ಕೆಂಗೇರಿಯ ಮನೆಯಲ್ಲಿದ್ದೆವು. ಒಟ್ಟು ಐದು ಗಂಟೆ ಇಪ್ಪತ್ತು ನಿಮಿಷ. ಹಿಂದಿನ ದಿನ ಪುತ್ತೂರಿನಿಂದ ಕಾವೂರಿಗೆ ಬಂದ ಹೊತ್ತನ್ನು ಸೇರಿಸಿದರೆ ಏಳರ ಹತ್ತಿರ ಆಗುತ್ತದೆ, ಆದರೆ ನಡುವೆ ಒಂದು ರಾತ್ರಿಯ ವಿಶ್ರಾಂತಿ ಇತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು.

ಅಮ್ಮನಿಗೆ ಅದು ಮೊದಲ ವಿಮಾನ ಪ್ರಯಾಣ. ಕಿಟಕಿಯ ಪಕ್ಕದಲ್ಲೇ ಕೂರಿಸಿದ್ದೆ. ಹೊರಗೆ ಬರೀ ಬಿಳಿ ಮೋಡ. "ಘಟ್ಟ ಯಾವಾಗ ಬರುತ್ತದೆ?" ಎಂದು ಎರಡು ಸಲ ಕೇಳಿದರು. ಎರಡನೆಯ ಸಲ ಕೇಳುವಾಗ ವಿಮಾನ ಆಗಲೇ ಬೆಂಗಳೂರಿಗೆ ಇಳಿಯತೊಡಗಿತ್ತು. ದಾಟಿ ಆಯಿತು ಎಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಊರಿಗೆ ಹಿಂತಿರುಗುವಾಗ ರಸ್ತೆಯಲ್ಲೇ ಹೋಗೋಣ, ಹೊಸ ಕಣ್ಣಿನಲ್ಲಿ ಘಟ್ಟ ನೋಡಬೇಕು ಎಂದಿದ್ದಾರೆ.

ಘಾಟಿ ಚಾಲಕ:
ಹೊರಡುವ ಹಿಂದಿನ ದಿನ ಇಲ್ಲಿ ಒಂದು ಸಾಲು ಬರೆಯಿರಿ, ಘಾಟಿ ಹೇಗಿದೆ ಎಂದು ತಿಳಿಸುತ್ತೇನೆ. ಬೆಳಗ್ಗೆ ಐದಕ್ಕೆ ಕೆಂಗೇರಿ ಬಿಟ್ಟರೆ ಮಾರನಹಳ್ಳಿಯನ್ನು ಒಳ್ಳೆಯ ಬೆಳಕಿನಲ್ಲಿ ದಾಟುತ್ತೀರಿ. ಅಮ್ಮನನ್ನು ಎಡಗಡೆ ಕಿಟಕಿಯ ಬಳಿ ಕೂರಿಸಿ.